ಲ್ಯಾಪ್‌ಟಾಪಿನೊಳಗೊಂದು ಬಂಡೆ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಬಂಡೆ ಇದೆ. ನಂಬದಿದ್ದರೆ ಬನ್ನಿ, ತೋರಿಸುತ್ತೇನೆ. ಹಾಡು ಕೂಡಿಸುವ ಸಾಫ್ಟ್‌ವೇರು ತೆರೆದು, ಅದರೊಳಗೆ ಟೇಪ್ ಡಿಲೇ ಎಂಬ ಪ್ಲಗಿನ್ನು, ಅಂದರೆ ಮರಿ ಸಾಫ್ಟ್‌ವೇರು, ತೆರೆದರೆ, ನಾವು ಉಳಿಸಿಟ್ಟುಕೊಂಡ ಸೆಟ್ಟಿಂಗುಗಳು ಸಾಲಾಗಿ ಕಾಣುತ್ತವೆ. ಬೇರೆಯವರು ಅವಕ್ಕೆ ‘ವಾರ್ಮ್’, ‘ವಿಂಟೇಜ್’ ಎಂದೆಲ್ಲ ಗಂಭೀರವಾದ ಹೆಸರಿಡುತ್ತಾರಂತೆ. ನನ್ನಲ್ಲಿ ‘ಬಂಡೆ’, ‘ಬಂಡೆ ಕೆಟ್ಟಿದ್ದು’, ‘ಬಂಡೆ ಮಾವ ಒಪ್ಪಿದ್ದು’ ಎಂದಿವೆ. ಮೊನ್ನೆ ಮದುವೆ ಆಮಂತ್ರಣದ ವಿಡಿಯೋಗೆ ಹಾಡು ಮಾಡಿಸಲು ಬಂದವರೊಬ್ಬರು ಪರದೆಯತ್ತ ಬಗ್ಗಿ ನೋಡಿ, “ಏನ್ಸಾರ್, ಕ್ವಾರಿ ಬಿಸಿನೆಸ್ಸೂ ಇದೆಯಾ?” ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅಲ್ಲಿಂದ ಮುಂದೆ ಅವರು ನನ್ನೊಡನೆ ಬಹಳ ಮರ್ಯಾದೆಯಿಂದ ಮಾತಾಡಿದರು.

ಮರ್ಯಾದೆ ಎಲ್ಲಿ ಸಿಕ್ಕರೂ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಬೆಳಿಗ್ಗೆ, ಸಂಜೆ ನಾನು ವಕ್ಕಲೇರಿಯ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವನು. ಎಮ್ಮೆಗೆ ಹಿಂಡಿ ಹಾಕದೆ ನನ್ನ ಕೈಲಿ ಫ್ಯಾಟ್ ಹಾಕಿಸಿಕೊಳ್ಳಲು ಬಂದವರ ಬೈಗುಳ ತಿನ್ನುವವನು. ಎರಡು ಹೊತ್ತಿನ ಹಾಲಿನ ನಡುವೆ ಸಿಗುವ ಬಿಡುವಿನಲ್ಲಿ ಮಾತ್ರ, ಕೋಲಾರದ ಒಂದು ಬೀಜ ಗೊಬ್ಬರದ ಅಂಗಡಿಯ ಮೇಲಿನ ರೂಮಿನಲ್ಲಿ, ನಾನು ಸಂಗೀತ ಲೋಕದ ವ್ಯಕ್ತಿ. ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೇನೆ. ಕೆಳಗಿನಿಂದ ಯೂರಿಯಾ ವಾಸನೆ ಬರುತ್ತದೆ. ನನ್ನಲ್ಲಿ ಹಾಡಿದವರೆಲ್ಲ ಒಂದು ಸಲವಾದರೂ ಸೀನಿದ್ದಾರೆ, ಆ ಸೀನುಗಳನ್ನು ಕತ್ತರಿಸಿ ತೆಗೆಯುವುದರಲ್ಲಿ ನನಗೆ ಒಳ್ಳೆಯ ಪರಿಣತಿ ಇದೆ.

ಟೇಪ್ ಡಿಲೇ ಎಂದರೇನು ಎಂದು ಕೇಳುತ್ತೀರಿ. ಕಂಪ್ಯೂಟರು ಬರುವ ಮೊದಲು ಹಾಡಿನವರು ಒಂದು ಉಪಾಯ ಮಾಡಿಕೊಂಡಿದ್ದರು. ಓಡುತ್ತಿರುವ ಟೇಪಿನ ಮೇಲೆ ಒಂದು ಹೆಡ್ಡು ದನಿಯನ್ನು ತುಂಬುತ್ತಿತ್ತು, ಸ್ವಲ್ಪ ಮುಂದೆ ಕೂತ ಇನ್ನೊಂದು ಹೆಡ್ಡು ಅದನ್ನು ಕೇಳಿಸುತ್ತಿತ್ತು. ಟೇಪು ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟು ಹೊತ್ತು ತಡವಾಗಿ ಅದೇ ದನಿ ಮತ್ತೆ ಬರುತ್ತಿತ್ತು. ಪ್ರತಿಧ್ವನಿ, ಅಷ್ಟೆ. ಈಗ ಟೇಪೂ ಇಲ್ಲ, ಹೆಡ್ಡೂ ಇಲ್ಲ, ಪರದೆಯ ಮೇಲೆ ಅವುಗಳ ಚಿತ್ರ ಸುತ್ತುತ್ತದೆ. ಹಳೆಯ ಟೇಪಿಗಿದ್ದ ನಡುಕ, ಮಬ್ಬು, ಎಳೆದಾಟ ಎಲ್ಲ ರೋಗಗಳಿಗೂ ಒಂದೊಂದು ತಿರುಪು ಕೊಟ್ಟಿದ್ದಾರೆ. ಇದನ್ನು ನಮ್ಮ ಮಾವನಿಗೆ ವಿವರಿಸಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಅವರ ಟೇಪ್ ರೆಕಾರ್ಡರು ಕ್ಯಾಸೆಟ್ಟನ್ನು ನುಂಗಿದಾಗಲೆಲ್ಲ ಅದರ ಹೊಟ್ಟೆಯಿಂದ ಟೇಪು ಎಳೆದು, ಪೆನ್ಸಿಲ್ ತೂರಿಸಿ ಸುತ್ತಿಕೊಡುತ್ತಿದ್ದವನು ನಾನೇ. “ಆವಾಗ ಬೈಕೊಂಡು ರಿಪೇರಿ ಮಾಡಿಸ್ತಿದ್ವಿ, ಈವಾಗ ಕಾಸು ಕೊಟ್ಟು ಕೆಡಿಸ್ಕೊಂತೀರಾ?” ಎಂದರು.

ಮಾವ ಎಂದರೆ ಮುನಿವೆಂಕಟಪ್ಪ, ನಮ್ಮ ತಾಯಿಯ ಅಣ್ಣ. ದೇವರಾಯಸಮುದ್ರದ ಕೆರೆಯ ಆಚೆ ಅವರ ಊರು. ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಅಲ್ಲಿ. ಊರಿನ ಗುಡಿಯ ಮುಂದೆ ಒಂದು ಬಯಲು, ಬಯಲಿನ ಎಡಕ್ಕೆ ಹಿಪ್ಪುನೇರಳೆ ತೋಟ, ಅದರಾಚೆ ನೆಟ್ಟಗೆ ನಿಂತ ಬೋಳು ಬಂಡೆ. ಕೂಗಿದರೆ ಕೂಗುತ್ತಿತ್ತು. “ಸೀನಾ” ಎಂದು ನನ್ನ ಹೆಸರನ್ನೇ ಕೂಗಿಕೊಳ್ಳುತ್ತಿದ್ದೆ, ಅದು “ಈನಾ” ಎನ್ನುತ್ತಿತ್ತು. ಒಮ್ಮೆ ಯಾರಿಂದಲೋ ಕಲಿತ ಕೆಟ್ಟ ಬೈಗುಳವೊಂದನ್ನು ಪ್ರಯೋಗಿಸಿದೆ, ಅದು ಹಾಗೇ ವಾಪಸ್ಸು ಬಂತು. ಅಳುತ್ತಾ ಹೋಗಿ ನಾರಾಯಣಮ್ಮ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಬಂಡೆಯ ಮೇಲೆ ದೂರು ಕೊಟ್ಟೆ. ಅತ್ತೆ ನನ್ನ ಮೂಗೊರೆಸಿ, “ನೀನ್ ಬೈದ್ರೆ ಅದೂ ಬೈತದೆ. ಊಟ ಆಯ್ತಾ ಅಂತ ಕೇಳೋಗು, ಅದೂ ಕೇಳ್ತದೆ” ಎಂದರು. ಆ ರಜೆಯಲ್ಲಿ ನಾನು ಎಷ್ಟು ಸಲ ಬಂಡೆಯನ್ನು ಊಟಕ್ಕೆ ವಿಚಾರಿಸಿಕೊಂಡೆನೋ ಲೆಕ್ಕವಿಲ್ಲ.

ಅದೇ ಬಯಲಿನಲ್ಲಿ ಮಾವನ ತಂಡ ಚೆಕ್ಕಭಜನೆ ಆಡುತ್ತಿತ್ತು, ಈಗಲೂ ಆಡುತ್ತದೆ. ನೋಡದವರಿಗೆ ಹೇಳಬೇಕೆಂದರೆ, ಪುಟ್ಟ ಕಂಚಿನ ಬಿಲ್ಲೆಗಳನ್ನು ಕೂರಿಸಿದ ಮರದ ಚೆಕ್ಕೆಗಳನ್ನು ಕೈಯಲ್ಲಿ ಹಿಡಿದು ಬಡಿಯುತ್ತಾ, ಗೆಜ್ಜೆ ಕಟ್ಟಿಕೊಂಡು ಸುತ್ತು ಬರುತ್ತಾ, ತೆಲುಗು ಪದ ಹಾಡುವುದು. ಮೆಲ್ಲಗೆ ಶುರುವಾಗುತ್ತದೆ. ಬರಬರುತ್ತಾ ಬಿರುಸಾಗುತ್ತದೆ. ಎಲ್ಲ ಊರಿನ ಭಜನೆಯೂ ಇಷ್ಟೇ. ನಮ್ಮ ಮಾವನ ಊರಿನದು ಮಾತ್ರ ಇದರ ಜೊತೆಗೆ ಇನ್ನೊಂದು. ಅವರು ಬಂಡೆಗೆ ಕೂಡಬೇಕು.

ಹೀಗೆ ನೋಡಿ. ಇವರು ಒಂದು ಏಟು ಬಡಿದರೆ ಬಂಡೆಯಿಂದ ಅದು ಸ್ವಲ್ಪ ತಡವಾಗಿ ವಾಪಸ್ಸು ಬರುತ್ತದೆ. ಮೊದಮೊದಲು ನಿಧಾನವಾಗಿ ಬಡಿಯುವಾಗ ಆ ಸದ್ದು ಎರಡು ಏಟಿನ ನಡುವೆ, ಕರೆಯದ ನೆಂಟನ ಹಾಗೆ ಬಂದು ಕೂರುತ್ತದೆ. ಇವರು ವೇಗ ಹೆಚ್ಚಿಸುತ್ತಾ ಹೋದಂತೆ ನಡುವಿನ ಸಂದು ಕಿರಿದಾಗುತ್ತದೆ. ಒಂದು ಹಂತದಲ್ಲಿ, ಹಿಂದಿನ ಏಟು ಬಂಡೆಯಿಂದ ಬರುವುದಕ್ಕೂ ಇವರು ಮುಂದಿನ ಏಟು ಹಾಕುವುದಕ್ಕೂ ಸರಿಹೋಗುತ್ತದೆ. ಎರಡೂ ಒಂದಾಗಿ ಬಯಲೇ ಬಡಿದಂತಾಗುತ್ತದೆ. ಆಗ ಎಲ್ಲರೂ “ಬಂಡೆ ಕೂಡ್ತು!” ಎಂದು ಕೂಗಿ, ಎಡಕ್ಕೆ ತಿರುಗಿ, ಚೆಕ್ಕೆಗಳನ್ನು ಬಂಡೆಯತ್ತ ಎತ್ತುತ್ತಾರೆ. ಆ ವೇಗದಲ್ಲಿ ನಿಲ್ಲಿಸಿಕೊಂಡು ಪದ ಮುಗಿಸುತ್ತಾರೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಹೀಗೇ ಆಡಿ ಆಡಿ, ತಾವು ಬಂಡೆಯನ್ನು ನಂಬಿದ್ದೇವೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ನೆನಪಾದದ್ದು ಶ್ರೀನಿವಾಸಪುರದಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಯಾರೋ ಅಭಿಮಾನಿಗಳು ತಂಡವನ್ನು ಅಲ್ಲಿಗೆ ಕರೆಸಿದರು, ನಾನೂ ಜೊತೆಗೆ ಹೋಗಿದ್ದೆ. ಬಟಾಬಯಲು, ಎದುರಿಗೆ ತುಂಬಾ ಜನ. ಶುರುವಾಯಿತು, ವೇಗ ಏರಿತು. ಬಂಡೆ ಬರಲಿಲ್ಲ. ಇನ್ನೂ ಏರಿಸಿದರು. ಅಲ್ಲಿ ಬಂಡೆಯೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು? ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ನಮ್ಮವರು ಓಡಿಯೇ ಓಡಿದರು. ಪದ ಮಾತಾಯಿತು, ಮಾತು ಉಸಿರಾಯಿತು. ಕಡೆಗೆ ಒಬ್ಬರ ಪಂಚೆ ಇನ್ನೊಬ್ಬರ ಗೆಜ್ಜೆಗೆ ಸಿಕ್ಕಿ ಇಡೀ ತಂಡ ಗುಡ್ಡೆ ಬಿತ್ತು. ಜನದ ಮಧ್ಯದಿಂದ ಯಾರೋ ಕೂಗಿದರು, “ಬ್ರೇಕು ಲೇದೇಮಯ್ಯಾ ಮೀಕು?” ನಿಮಗೆ ಬ್ರೇಕಿಲ್ಲವೇನಯ್ಯಾ ಎಂದು. ಆ ನಗು ಊರಿನವರೆಗೂ ಅವರ ಹಿಂದೆಯೇ ಬಂತು. ಅಲ್ಲಿಂದ ಮಾವ ಚೆಕ್ಕೆಯನ್ನು ಊರಾಚೆ ತೆಗೆದುಕೊಂಡು ಹೋಗಲಿಲ್ಲ. ಶ್ರೀನಿವಾಸಪುರದ ಮೇಲೆ ಬಸ್ಸು ಹೋಗುವಾಗ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಇಂಥವರ ಮೊಮ್ಮಗಳು ಭವ್ಯ ಹೋಗಿ ಹೋಗಿ ಶ್ರೀನಿವಾಸಪುರದ ಹುಡುಗನನ್ನೇ ಒಪ್ಪಿಕೊಂಡಳು. ಮಾಲೂರಿನ ಕಾರ್ಖಾನೆಯೊಂದರಲ್ಲಿ ಇಬ್ಬರಿಗೂ ಕೆಲಸ. ಮದುವೆ ಹುಡುಗನ ಊರಿನ ಛತ್ರದಲ್ಲಿ. ಎಲ್ಲ ಮಾತುಕತೆ ಮುಗಿದ ಮೇಲೆ ಆಕೆ ಒಂದು ಬಾಂಬು ಹಾಕಿದಳು.

“ತಾತಾ, ಆರತಕ್ಷತೆಗೆ ನಿಮ್ ಭಜನೆ ಇರ್ಬೇಕು. ಆರ್ಕೆಸ್ಟ್ರಾ ಬೇಡ ಅಂದ್ಬಿಟ್ಟಿದೀನಿ.”

“ಬೇರೆ ಏನ್ ಬೇಕಾದ್ರೂ ಕೇಳಮ್ಮ.”

“ಬೇರೇದೆಲ್ಲ ಬೀಗರು ಕೊಡ್ತವ್ರೆ. ಇದು ನೀನೇ ಕೊಡ್ಬೇಕು.”

ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೊಮ್ಮಗಳಿಗೆ ಇಲ್ಲವೆನ್ನಲು ಬಾಯಿ ಬರದು. ಹೂಂ ಎಂದರೆ ಅದೇ ಊರು, ಅದೇ ಜನ, ಈಗ ಅವರೇ ಬೀಗರು ಬೇರೆ. ಕೂಸಿನ ಮದುವೆಯಲ್ಲಿ ನಗೆಪಾಟಲಾದರೆ ಆಕೆ ಆ ಊರಲ್ಲಿ ತಲೆಯೆತ್ತಿ ಬಾಳುವುದು ಹೇಗೆ? ಮೂರನೆಯ ದಿನ ಬಸ್ಸು ಹತ್ತಿ ಕೋಲಾರಕ್ಕೆ ಬಂದು, ನನ್ನ ರೂಮಿನಲ್ಲಿ ಕೂತು, ಶಾಸ್ತ್ರಕ್ಕೆ ಒಂದು ಸೀನು ಸೀನಿ, ವಿಷಯಕ್ಕೆ ಬಂದರು.

“ಲೇ ಸೀನ, ಬಂಡೇನ ಶ್ರೀನಿವಾಸಪುರಕ್ಕೆ ತಗೊಂಡೋಗ್ಬೇಕು. ನಿನ್ ಡಬ್ಬೀಲಿ ಹಿಡೀತದಾ?”

“ಹಿಡಿಯುತ್ತೆ ಮಾವ. ಇನ್ನೂ ಜಾಗ ಉಳಿಯುತ್ತೆ” ಎಂದೆ. ಹೀಗೆ ಯೋಚಿಸದೆ ಹೂಂ ಎನ್ನುವ ಗುಣದಿಂದಲೇ ನಾನು ಜೀವನದಲ್ಲಿ ಮುಂದೆ ಬಂದಿಲ್ಲ.

ಮುಂದಿನ ಭಾನುವಾರ ಇಡೀ ತಂಡ ನನ್ನ ರೂಮಿಗೆ ಬಂತು. ಎಲ್ಲರೂ ಅರವತ್ತು ದಾಟಿದವರು. ಸುತ್ತು ಬರಲು ಜಾಗ ಸಾಲದೆ ಮೈಗೆ ಮೈ ಒರಸಿಕೊಂಡು ನಿಂತರು. ನಾನು ಅವರ ಮುಂದೊಂದು ಮೈಕು, ಎಡಕ್ಕೊಂದು ಬಲಕ್ಕೊಂದು ಸ್ಪೀಕರಿಟ್ಟು, ನನಗೆ ಬಹಳ ಇಷ್ಟವಾದ ಪಿಂಗ್‌ಪಾಂಗ್ ಎಂಬ ಸ್ಟೀರಿಯೋ ಗುಂಡಿ ಒತ್ತಿದೆ. ಅದರಲ್ಲಿ ಪ್ರತಿಧ್ವನಿ ಒಮ್ಮೆ ಎಡದಿಂದ ಬಂದರೆ ಇನ್ನೊಮ್ಮೆ ಬಲದಿಂದ ಬರುತ್ತದೆ. ಹಾಡಿಗೆ ಹಾಕಿದರೆ ಕೇಳುವವರಿಗೆ ತಲೆ ಹಗುರಾಗುತ್ತದೆ. ನಮ್ಮವರು ನಾಲ್ಕು ಸಾಲು ಹಾಡುವಷ್ಟರಲ್ಲಿ ಅರ್ಧ ಜನ ಎಡಕ್ಕೆ ತಿರುಗಿದರು, ಅರ್ಧ ಜನ ಬಲಕ್ಕೆ ತಿರುಗಿದರು. ಹಣೆಗೆ ಹಣೆ ಬಡಿಯಿತು. ಒಂದು ಮೊಟ್ಟೆ ಟ್ರೇ ಗೋಡೆ ಬಿಟ್ಟು ಬಂತು.

“ಬಂಡೆ ಎಷ್ಟವ್ಲಾ?” ಎಂದು ಮಾವ ಕೇಳಿದರು.

“ಒಂದೇ ಮಾವ. ಅದು ಆ ಕಡೆ ಈ ಕಡೆ ಓಡಾಡುತ್ತೆ.”

“ಓಡಾಡೋದನ್ನ ಬಂಡೆ ಅಂತಾರಾ? ಮೊದ್ಲು ಅದನ್ನ ಒಂದ್ ಕಡೆ ಕೂರ್ಸು.”

ಬಲಗಡೆಯದನ್ನು ಪೂರಾ ಮುಚ್ಚಿ, ಪ್ರತಿಧ್ವನಿಯನ್ನು ಎಡಗಡೆಯ ಸ್ಪೀಕರಿಗೆ ಮಾತ್ರ ಕಳಿಸಿದೆ. ಈಗ ನನ್ನ ನಿಜವಾದ ಪಾಂಡಿತ್ಯ ತೋರಿಸುವ ಸಮಯ. ಪ್ಲಗಿನ್ನಿನಲ್ಲಿ ಟೆಂಪೊ ಸಿಂಕ್ ಎಂಬ ಇನ್ನೊಂದು ಗುಂಡಿಯಿದೆ. ಟೆಂಪೊ ಎಂದರೆ ಇಲ್ಲಿ ಟೊಮೇಟೊ ಕ್ರೇಟು ಹೊರುವ ಗಾಡಿಯಲ್ಲ, ಹಾಡಿನ ವೇಗ. ಈ ಗುಂಡಿ ಒತ್ತಿದರೆ ಹಾಡಿನ ವೇಗಕ್ಕೆ ತಕ್ಕಂತೆ ಪ್ರತಿಧ್ವನಿ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಾವು ತಾಳಕ್ಕೆ ಸರಿಯಾಗಿ ಒಂದು ಕೀಲಿಯನ್ನು ಕುಟ್ಟುತ್ತಾ ವೇಗ ತಿಳಿಸುತ್ತಿದ್ದರೆ ಸಾಕು. ಏಟಿನ ಮುಕ್ಕಾಲು ಪಾಲು ತಡವಾಗಿ ಬರಲಿ ಎಂದು ಇಟ್ಟು, ಕುಟ್ಟಲು ಕೂತೆ. ಶುರುವಾಯಿತು. ಅವರು ವೇಗ ಹೆಚ್ಚಿಸಿದರು, ನಾನೂ ಹೆಚ್ಚಿಸಿ ಕುಟ್ಟಿದೆ, ಪ್ರತಿಧ್ವನಿಯೂ ಬೇಗ ಬಂತು. ಅವರು ಇನ್ನೂ ಹೆಚ್ಚಿಸಿದರು, ಅದೂ ಇನ್ನೂ ಬೇಗ ಬಂತು. ಎಷ್ಟು ಓಡಿದರೂ ಅದು ಏಟಿನ ಮುಕ್ಕಾಲಿನಲ್ಲೇ ಇತ್ತು, ಏಟಿನ ಮೇಲೆ ಬರಲೇ ಇಲ್ಲ. ಸಾಲದ್ದಕ್ಕೆ ಟೇಪಿನ ಗುಣ ಬೇರೆ. ಟೇಪನ್ನು ಜೋರಾಗಿ ಓಡಿಸಿದರೆ ದನಿ ಕೀರಲಾಗುತ್ತದಲ್ಲ, ಹಾಗೇ ಬಂಡೆಯ ದನಿ ಕೋಳಿಮರಿಯ ದನಿಯಾಯಿತು.

ಮಾವ ಗೋಡೆ ಹಿಡಿದು ನಿಂತರು. ಮಿಕ್ಕವರು ಏದುಸಿರು ಬಿಡುತ್ತಾ ಕೂತೇಬಿಟ್ಟರು. “ನಿಲ್ಸಪ್ಪೋ, ಬಂಡೆ ನಮ್ ಮೇಲಕ್ಕೇ ನಡ್ಕೊಂಡ್ ಬರ್ತಾ ಐತೆ! ಕೂಗು ಬೇರೆ ಹಾಕ್ತಾ ಐತೆ!” ಎಂದು ಅವರಲ್ಲೊಬ್ಬರು ಬೊಬ್ಬೆ ಹಾಕಿದರು.

ನಾನು ತಾಂತ್ರಿಕವಾಗಿ ವಿವರಿಸಲು ಹೊರಟೆ. ಮಾವ ಕೈ ಅಡ್ಡ ಹಿಡಿದರು. “ನೋಡೋ, ನಾವ್ ಓಡ್ತೀವಿ ಅಂತ ಅದು ಓಡಬಾರ್ದು. ನಾವ್ ನಿಂತ್ರೂ ಓಡಿದ್ರೂ ಅದು ಇದ್ದಂಗೇ ಇರ್ಬೇಕು. ಅದಕ್ಕೇ ಅದನ್ನ ನಂಬೋದು.”

ಆ ಮಾತು ಕೇಳಿ ನನಗೆ ನಾಚಿಕೆಯಾಯಿತೋ ಸಂತೋಷವಾಯಿತೋ ಹೇಳಲಾರೆ, ಎರಡೂ ಆಯಿತು. ನಮ್ಮ ಕಾಲದಲ್ಲಿ ಎಲ್ಲವೂ ನಮಗೆ ಹೊಂದಿಕೊಳ್ಳಬೇಕು ಎಂದು ಬಯಸುತ್ತೇವೆ. ಫೋನು ನಮ್ಮ ಇಷ್ಟ ತಿಳಿಯಬೇಕು, ಕಾರಿನ ಸೀಟು ನಮ್ಮ ಬೆನ್ನಿಗೆ ತಿರುಗಬೇಕು. ನಮ್ಮ ಮಾತು ಕೇಳದ ಒಂದು ವಸ್ತು ಪಕ್ಕದಲ್ಲಿದ್ದರೆ ಎಷ್ಟು ಅನುಕೂಲ ಎಂದು ಯಾರೂ ಹೇಳುವುದಿಲ್ಲ. ಸಿಂಕ್ ಗುಂಡಿಯನ್ನು ಬಂದ್ ಮಾಡಿದೆ. ಅದರಡಿಯಲ್ಲಿ ಇನ್ನೊಂದು ತಿರುಪು ಕಾಣಿಸಿಕೊಂಡಿತು. ವೇಗದ ಗೊಡವೆಯಿಲ್ಲದೆ ಇಷ್ಟೇ ಹೊತ್ತು ತಡ ಎಂದು ಹೇಳುವುದು.

ಎಷ್ಟು ಹೊತ್ತು ಎಂದು ಬಂಡೆಯನ್ನೇ ಕೇಳಬೇಕಿತ್ತು. ಊರಿಗೆ ಹೋಗಿ, ಗುಡಿಯ ಮುಂದೆ ನಿಂತು ಚೆಕ್ಕೆ ಬಡಿದು ಫೋನಿನಲ್ಲಿ ಹಿಡಿದುಕೊಂಡೆ. ಪರದೆಯಲ್ಲಿ ನೋಡಿದರೆ ಹೆಚ್ಚು ಕಡಿಮೆ ಅರ್ಧ ಸೆಕೆಂಡು. ಒಂದೇ ಸಲ ಬರುತ್ತದೆ, ತುಸು ಮಬ್ಬಾಗಿ ಬರುತ್ತದೆ, ಗಾಳಿಯಿದ್ದರೆ ಸ್ವಲ್ಪ ನಡುಗುತ್ತದೆ. ಆ ನಡುಕಕ್ಕೂ ಪ್ಲಗಿನ್ನಿನಲ್ಲಿ ತಿರುಪು ಇದ್ದದ್ದು ನೋಡಿ, ಅದನ್ನು ಮಾಡಿದವನೂ ಎಲ್ಲೋ ಒಂದು ಬಂಡೆಯ ಪಕ್ಕ ಬೆಳೆದವನಿರಬೇಕು ಎನಿಸಿತು. ನಾರಾಯಣಮ್ಮ ಅತ್ತೆ ಗುಡಿಯ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ನನ್ನನ್ನೇ ನೋಡುತ್ತಿದ್ದರು.

“ಏನೋ ಅದು, ಬಂಡೆಗೆ ಇಸಿಜಿನಾ?”

“ಎಷ್ಟು ತಡವಾಗಿ ಉತ್ತರ ಕೊಡುತ್ತೆ ಅಂತ ಅಳೀತಿದೀನಿ ಅತ್ತೆ.”

“ನಿಮ್ ಮಾವನ್ನೂ ಅಳಿ. ಹೋದ ಶಿವರಾತ್ರೀಲಿ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.”

ಮದುವೆಯ ದಿನ ಸಂಜೆ. ಛತ್ರದಲ್ಲಿ ಬಲಗಡೆ ಗಂಡಸರು, ಎಡಗಡೆ ಹೆಂಗಸರು. ನಾನು ಎಡಗಡೆಯ ಗೋಡೆಯ ಬಳಿ ನನ್ನ ಸ್ಪೀಕರಿಟ್ಟು, ಅದರ ಹಿಂದೆ ಲ್ಯಾಪ್‌ಟಾಪಿನೊಡನೆ ಬಚ್ಚಿಟ್ಟುಕೊಂಡೆ. ಭವ್ಯ ವೇದಿಕೆಯ ಮೇಲಿಂದ ಹೆಬ್ಬೆರಳು ತೋರಿಸಿದಳು. ಗೆಜ್ಜೆ ಕಟ್ಟಿಕೊಂಡ ತಂಡ ನಡುವೆ ಬಂದು ನಿಂತಿತು. ಬೀಗರ ಕಡೆಯ ಮುದುಕರೊಬ್ಬರು ಪಕ್ಕದವರಿಗೆ, ಎಲ್ಲರಿಗೂ ಕೇಳುವ ಹಾಗೆ, “ಈಸಾರಿ ಬ್ರೇಕು ಉಂದಾ?” ಎಂದರು, ಈ ಸಲ ಬ್ರೇಕಿದೆಯಾ ಎಂದು. ಒಂದಷ್ಟು ಜನ ನಕ್ಕರು. ಮಾವ ಅತ್ತ ತಿರುಗದೆ, ಎಡಗಡೆಯ ಗೋಡೆಯತ್ತ ಒಮ್ಮೆ ನೋಡಿ ಚೆಕ್ಕೆ ಎತ್ತಿದರು.

ಮೊದಲ ಏಟು ಬಿತ್ತು. ನನ್ನ ಬಂಡೆ ಅರ್ಧ ಸೆಕೆಂಡು ಬಿಟ್ಟು ಉತ್ತರ ಕೊಟ್ಟಿತು. ಮಾವನ ಮುಖ ಸಡಿಲಾಯಿತು. ಪದ ಎತ್ತಿಕೊಂಡರು. ಎರಡನೆಯ ಪದಕ್ಕೆ ವೇಗ ಏರತೊಡಗಿತು. ನಾನು ಕಣ್ಣು ಮುಚ್ಚಿ ಸುಖಿಸುತ್ತಿದ್ದೆ, ಬಂಡೆ ನಿಂತುಹೋಯಿತು.

ಕಣ್ಣು ಬಿಟ್ಟು ನೋಡಿದರೆ ಸ್ಪೀಕರಿನ ದೀಪ ಆರಿದೆ. ವೈರು ಹಿಡಿದುಕೊಂಡು ಓಡಿದೆ. ಅದು ಗೋಡೆಯಗುಂಟ ಹೋಗಿ, ಬಾಗಿಲು ದಾಟಿ, ಊಟದ ಹಾಲಿನ ಮೂಲೆಯಲ್ಲಿ ಅನಾಥವಾಗಿ ಬಿದ್ದಿತ್ತು. ಅದಿದ್ದ ಜಾಗದಲ್ಲಿ ಐಸ್‌ಕ್ರೀಮ್ ಫ್ರೀಜರಿನ ಪ್ಲಗ್ಗು ಕೂತಿತ್ತು. ಐಸ್‌ಕ್ರೀಮಿನವರು ಅದರ ಮುಂದೆ ಕೈ ಕಟ್ಟಿ ನಿಂತಿದ್ದರು.

“ತೆಗೀಬೇಡಿ ಅಣ್ಣ, ಬಟರ್‌ಸ್ಕಾಚ್ ಕರಗೋಗ್ತದೆ.”

“ನಮ್ ಬಂಡೆ ಕರಗೋಗ್ತಾ ಐತೆ ಕಣಪ್ಪಾ!”

ಅವರಿಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬಂತು, ಆದರೆ ಫ್ರೀಜರಿನ ಮುಂದಿನಿಂದ ಕದಲಲಿಲ್ಲ. ಪ್ಲಗ್ಗು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನೋಡಿದೆ. ಒಳಗೆ ತಂಡ ಓಡತೊಡಗಿತ್ತು. ಮಾವನ ಕಣ್ಣು ಎಡಗಡೆಯ ಗೋಡೆಯನ್ನು ಹುಡುಕುತ್ತಿತ್ತು. ಅದೇ ಮುಖ, ಅಂದು ಇದೇ ಊರಿನ ಬಯಲಿನಲ್ಲಿ ಕಂಡದ್ದು. ಪದ ಆಗಲೇ ಮಾತಾಗುತ್ತಿತ್ತು. ಈ ಊರಲ್ಲಿ, ಈ ಜನರ ಮುಂದೆ, ಕೂಸಿನ ಮದುವೆಯ ದಿನ ಮತ್ತೆ ಹೀಗಾಗಬಾರದಿತ್ತು.

ಆಗ ಎಡಗಡೆಯಿಂದ ಒಂದು ಚಪ್ಪಾಳೆ ಕೇಳಿತು. ಏಟಿನ ಮೇಲಲ್ಲ, ಏಟಾದ ಮೇಲೆ, ಬಂಡೆಯಿಂದ ಬರುವಷ್ಟೇ ತಡವಾಗಿ. ಇನ್ನೊಂದು. ಮತ್ತೊಂದು. ನಾರಾಯಣಮ್ಮ ಅತ್ತೆ ಜರಿ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕುರ್ಚಿಯ ಅಂಚಿಗೆ ಬಂದು, ಗಂಡನ ಕೈಯನ್ನೇ ನೋಡುತ್ತಾ ಚಪ್ಪಾಳೆ ಹಾಕುತ್ತಿದ್ದರು. ಪಕ್ಕದಲ್ಲಿದ್ದ ಮಾವನ ಊರಿನ ಹೆಂಗಸರು ಒಮ್ಮೆ ಅವರ ಮುಖ ನೋಡಿದರು. ಅವರೂ ಕೈ ಸೇರಿಸಿದರು. ಇಡೀ ಸಾಲು ಬಂಡೆಯಾಯಿತು.

ಓಡುತ್ತಿದ್ದವರು ಹಿಡಿತಕ್ಕೆ ಬಂದರು. ಸಂದು ಕಿರಿದಾಗುತ್ತಾ ಬಂತು, ಇನ್ನೂ ಕಿರಿದಾಯಿತು, ಚೆಕ್ಕೆಯೂ ಚಪ್ಪಾಳೆಯೂ ಒಂದಾದವು. “ಬಂಡೆ ಕೂಡ್ತು!” ಎಂದು ತಂಡವೆಲ್ಲ ಕೂಗಿ ಎಡಕ್ಕೆ ತಿರುಗಿ ಚೆಕ್ಕೆ ಎತ್ತಿತು. ಎತ್ತಿದ ಕಡೆ ಅವರವರ ಹೆಂಡತಿಯರು ಕೂತಿದ್ದರು. ಒಂದು ಕ್ಷಣ ಗಂಡಸರಿಗೆಲ್ಲ ನಾಚಿಕೆಯಾಗಿ ತಾಳ ತಪ್ಪುವುದರಲ್ಲಿತ್ತು. ಹೆಂಗಸರು ಬಿಡಲಿಲ್ಲ. ಅದೇ ವೇಗದಲ್ಲಿ ಕೊನೆಯವರೆಗೂ ಹಿಡಿದು ನಿಲ್ಲಿಸಿದರು. ಮುಗಿದಾಗ ಬ್ರೇಕಿನ ಮುದುಕರೇ ಮೊದಲು ಎದ್ದು “ಇಂಕೋಸಾರಿ!”, ಇನ್ನೊಂದು ಸಲ, ಎಂದು ಕೂಗಿದರು. ಛತ್ರವೆಲ್ಲ ಅದನ್ನೇ ಕೂಗಿತು.

ಮಾವ ಬೀಗರ ಕಡೆ ಹೋಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ನೆಟ್ಟಗೆ ಹೆಂಗಸರ ಸಾಲಿಗೆ ಬಂದರು. ನಾನು ಪ್ಲಗ್ಗು ಹಿಡಿದುಕೊಂಡೇ ಅಲ್ಲಿ ನಿಂತಿದ್ದೆ.

“ನಿಂಗ್ಯಾರು ಹೇಳ್ಕೊಟ್ರು ಇದನ್ನ?”

“ಯಾರ್ ಹೇಳ್ಕೊಡ್ಬೇಕು? ಬಯಲಲ್ಲಿ ನಮ್ಗೆ ಜಾಗ ಇರೋದೇ ಬಂಡೆ ಕಡೆ. ಮದ್ವೆ ಆಗ್ ಬಂದಾಗ್ನಿಂದ ಅಲ್ಲೇ ಕೂತಿದೀನಿ” ಎಂದರು ಅತ್ತೆ. ಸೆರಗು ಸರಿಮಾಡಿಕೊಂಡರು. “ಪ್ರತಿ ಸಾರೀನೂ ಈ ಕಡೆ ತಿರುಗ್ತಿದ್ರಿ. ನನ್ ತಲೆ ಮೇಲಿಂದ ಬಂಡೆ ನೋಡ್ತಿದ್ರಿ.”

ಮಾವ ಚೆಕ್ಕೆಗಳನ್ನು ಅತ್ತೆಯ ಪಕ್ಕದ ಕುರ್ಚಿಯ ಮೇಲಿಟ್ಟರು.

“ಊಟ ಮಾಡಿಲ್ಲ ಅಲ್ವಾ ನೀನು” ಎಂದರು ಮಾವ ಕಡೆಗೆ. “ನಡಿ, ಒಟ್ಟಿಗೇ ಕೂರೋಣ.”

ನಮ್ಮ ಕಡೆ ಗಂಡಸರ ಪಂಕ್ತಿ ಮುಗಿದ ಮೇಲೆಯೇ ಹೆಂಗಸರ ಪಂಕ್ತಿ. ಅಂದು ಚೆಕ್ಕಭಜನೆಯ ತಂಡದ ಮುದುಕರೆಲ್ಲ ಗೆಜ್ಜೆ ಬಿಚ್ಚದೆ, ತಮ್ಮ ತಮ್ಮ ಹೆಂಡತಿಯರ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂತರು. ಮಾವ ತಮ್ಮ ಎಲೆಯ ಒಬ್ಬಟ್ಟನ್ನು ಅತ್ತೆಯ ಎಲೆಗೆ ಹಾಕಿದರು. ಅತ್ತೆ ಬೇಡವೆನ್ನಲಿಲ್ಲ.